ಸುದ್ದಿಯ ಬೆಲೆ, ಸಾಕ್ಷಿಯ ಬೆಲೆ

ಬಾಡಿಗೆ, ಸಂಬಳ, ವಿದ್ಯುತ್ತು ಇವುಗಳ ಲೆಕ್ಕವನ್ನು ಪೈಸೆ ಬಿಡದೆ ನೋಡುವ ಸಣ್ಣ ಕಚೇರಿಗಳು ಟಪಾಲಿನ ಲೆಕ್ಕವನ್ನು ಮಾತ್ರ ಜವಾನನ ಕಿಸೆಗೆ ಒಪ್ಪಿಸಿ ನಿಶ್ಚಿಂತವಾಗಿರುವುದುಂಟು. ಬೆಳಗಾವಿಯ ಉದ್ಯಮಬಾಗದ ಒಂದು ಕಾರ್ಖಾನೆ, ಪೇಟೆಯ ಒಂದು ಪತ್ತಿನ ಸಹಕಾರ ಸಂಘ, ಖಾನಾಪುರದ ಒಂದು ಹೆಂಚಿನ ವ್ಯಾಪಾರ, ಇಲ್ಲವೆ ಒಬ್ಬ ವಕೀಲರ ಕಚೇರಿಯಿಂದ ತಿಂಗಳಿಗೆ ಹೊರಡುವ ಕಾಗದಗಳು ಹೆಚ್ಚೆಂದರೆ ಐವತ್ತು ಅರವತ್ತು. ಮೊಬೈಲ್ ಬಂದ ಮೇಲೆ ಜೊಳ್ಳೆಲ್ಲ ಹಾರಿಹೋಗಿ ಗಟ್ಟಿಕಾಳು ಮಾತ್ರ ಉಳಿದಿದೆ: ಕರಾರು, ರಸೀದಿ, ಸಭೆಯ ತಿಳಿವಳಿಕೆ, ಸಾಲದ ನೋಟೀಸು. ಸಂಖ್ಯೆ ಇಳಿದಿದೆಯೆಂದು ಉಪೇಕ್ಷಿಸುವಂತಿಲ್ಲ. ಒಂದೊಂದರ ತೂಕ ಏರಿದೆ.

ದರವೂ ಏರಿದೆ. ೨೦೨೫ರಲ್ಲಿ ರಿಜಿಸ್ಟರ್ಡ್ ಟಪಾಲು ಎಂಬ ಬೇರೆ ಸೇವೆ ಇಲ್ಲವಾಗಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಯಿತು. ಅದೇ ವರ್ಷದ ಅಕ್ಟೋಬರ್ ೧ರಿಂದ ಸ್ಪೀಡ್ ಪೋಸ್ಟಿಗೆ ಹೊಸ ದರ ಬಂದಿತು. ೫೦ ಗ್ರಾಂವರೆಗಿನ ಕಾಗದಕ್ಕೆ ಊರೊಳಗೆ ೧೯ ರೂಪಾಯಿ, ಊರ ಹೊರಗೆ ೪೭; ಅದರ ಮೇಲೆ ನೂರಕ್ಕೆ ೧೮ರ ತೆರಿಗೆ. ವಿಳಾಸದಾರನಿಗೆ ಅಥವಾ ಅವನು ಅಧಿಕಾರ ಕೊಟ್ಟವನಿಗೆ ಮಾತ್ರ ಬಟವಾಡೆಯಾಗಬೇಕೆಂದರೆ ನೋಂದಣಿಗೆ ಇನ್ನೈದು ರೂಪಾಯಿ ಮತ್ತು ತೆರಿಗೆ. ಹೀಗೆ ಬೆಳಗಾವಿಯೊಳಗಿನ ನೋಟೀಸಿಗೆ ೨೮ ರೂಪಾಯಿ ೩೨ ಪೈಸೆ ಬಿದ್ದರೆ, ಇಪ್ಪತ್ತಾರು ಕಿಲೋಮೀಟರ್ ದೂರದ ಖಾನಾಪುರಕ್ಕೆ ೬೧ ರೂಪಾಯಿ ೩೬ ಪೈಸೆ. ಹಿಂದೆ ರಿಜಿಸ್ಟರ್ಡ್ ಕಾಗದ ಇಪ್ಪತ್ತಾರು ರೂಪಾಯಿಗೆ ಎರಡೂ ಕಡೆಗೆ ಹೋಗುತ್ತಿತ್ತು. ಈಗ ಹಗುರ ಕಾಗದದ ಮಟ್ಟಿಗೆ ಖಾನಾಪುರಕ್ಕೂ ೪೭, ಕಾಶ್ಮೀರಕ್ಕೂ ೪೭!

ಸಾದಾ ಲಕೋಟೆಯಾದರೋ ತನ್ನ ಹಳೆಯ ಧರ್ಮವನ್ನು ಬಿಟ್ಟಿಲ್ಲ. ೧೮೫೪ರಲ್ಲಿ ದೂರವನ್ನು ಲೆಕ್ಕಿಸದೆ ಕಾಲು ತೊಲೆಯ ಕಾಗದಕ್ಕೆ ಅರ್ಧಾಣೆ ಎಂದು ಗೊತ್ತುಮಾಡಿದ ನೀತಿಯೇ ಇಂದಿಗೂ ನಡೆದಿದೆ: ೨೦ ಗ್ರಾಂಗೆ ೫ ರೂಪಾಯಿ, ದೇಶದ ಯಾವ ಮೂಲೆಗಾದರೂ ಸರಿ. ಒಳನಾಡು ಪತ್ರಕ್ಕೆ ಎರಡೂವರೆ ರೂಪಾಯಿ, ಕಾರ್ಡಿಗೆ ೫೦ ಪೈಸೆ.

ಐದು ರೂಪಾಯಿಗೂ ಅರವತ್ತೊಂದಕ್ಕೂ ನಡುವಿನ ಈ ಅಂತರವೇ ಸಣ್ಣ ಕಚೇರಿಯ ಪರೀಕ್ಷೆ. ಎಲ್ಲವನ್ನೂ ಸ್ಪೀಡ್ ಪೋಸ್ಟಿಗೆ ಹಾಕುವವನು ದುಡ್ಡು ಚೆಲ್ಲುತ್ತಾನೆ. ಎಲ್ಲವನ್ನೂ ಸಾದಾ ಡಬ್ಬಿಗೆ ಹಾಕುವವನು ಮುಂದೊಂದು ದಿನ ನ್ಯಾಯಾಲಯದಲ್ಲಿ ಬರಿಗೈಯಲ್ಲಿ ನಿಲ್ಲುತ್ತಾನೆ. ಆದ್ದರಿಂದ ಪ್ರತಿಯೊಂದು ಕಾಗದಕ್ಕೂ ಒಂದೇ ಪ್ರಶ್ನೆ ಹಾಕಬೇಕು: ಇದು ಒಯ್ಯುವುದು ಸುದ್ದಿಯನ್ನೋ, ಸಾಕ್ಷಿಯನ್ನೋ? ರಸೀದಿ, ದರಪಟ್ಟಿ, ಹಬ್ಬದ ಶುಭಾಶಯ ಇವೆಲ್ಲ ಸುದ್ದಿ. ಐದು ರೂಪಾಯಿ ಸಾಕು. ಚೆಕ್ಕು ಮರಳಿ ಬಂದಾಗ ಕೊಡುವ ನೋಟೀಸು ಸಾಕ್ಷಿ. ಬ್ಯಾಂಕಿನಿಂದ ತಿಳಿದ ೩೦ ದಿನಗಳೊಳಗೆ ಅದನ್ನು ಕಳಿಸಬೇಕು. ಮುಟ್ಟಿದ ದಿನದಿಂದ ೧೫ ದಿನಗಳ ಅವಕಾಶ ಆ ಕಡೆಯವನಿಗೆ. ದಿನಗಳೇ ಮುಖ್ಯವಾದಲ್ಲಿ ಐವತ್ತಾರು ರೂಪಾಯಿ ಉಳಿಸಹೋಗಿ ಐವತ್ತು ಸಾವಿರ ಕಳೆಯುವುದು ಜಾಣತನವಲ್ಲ. ಸರಿಯಾದ ವಿಳಾಸ ಬರೆದು, ದರ ತುಂಬಿ, ನೋಂದಾಯಿಸಿ ಕಳಿಸಿದ ಕಾಗದ ಮುಟ್ಟಿತೆಂದೇ ೧೮೯೭ರ ಸಾಮಾನ್ಯ ಖಂಡಗಳ ಕಾಯಿದೆ ಭಾವಿಸುತ್ತದೆ. ಈಗ ಆ ನೋಂದಣಿ ತಾನಾಗಿ ಬರುವುದಿಲ್ಲ. ಕಿಟಕಿಯಲ್ಲಿ ನಿಂತು ಬಾಯಿಬಿಟ್ಟು ಕೇಳಬೇಕು.

ಅಗ್ಗವೆಂದು ಕಾರ್ಡಿಗೆ ಕೈಹಾಕುವ ಮುನ್ನವೂ ವಿವೇಕ ಬೇಕು. ಸಭೆಯ ದಿನಾಂಕ ತಿಳಿಸಲು ಕಾರ್ಡಿಗೆ ಮಿಗಿಲಾದುದಿಲ್ಲ. ಆದರೆ ಸಾಲದ ಮಾತನ್ನು ಕಾರ್ಡಿನಲ್ಲಿ ಬರೆಯಲೇಬಾರದು. ಜಾಂಬೋಟಿಯ ಕಡೆಯ ಹಳ್ಳಿಯೊಂದರಲ್ಲಿ ಕಾರ್ಡು ಸದಸ್ಯನ ಕೈ ಸೇರುವ ಮೊದಲು ನಾಲ್ಕು ಕಣ್ಣುಗಳನ್ನು ದಾಟಿರುತ್ತದೆ. ಬಾಕಿಯನ್ನು ನೆನಪಿಸುವ ಹಕ್ಕು ಸಂಘಕ್ಕುಂಟು. ಮಾನವನ್ನು ಹರಾಜು ಹಾಕುವ ಹಕ್ಕಿಲ್ಲ. ಎರಡೂವರೆ ರೂಪಾಯಿಯ ಒಳನಾಡು ಪತ್ರ ಮುಚ್ಚಿಕೊಳ್ಳುತ್ತದೆ. ಆ ಎರಡು ರೂಪಾಯಿ ಮರ್ಯಾದೆಗೆ ಕೊಟ್ಟ ಬೆಲೆ.

ಇನ್ನು ತೂಕ. ಎ-ನಾಲ್ಕು ಅಳತೆಯ ಸಾಧಾರಣ ಹಾಳೆಯೊಂದು ಸುಮಾರು ೪.೭ ಗ್ರಾಂ ತೂಗುತ್ತದೆ. ಹಗುರ ಲಕೋಟೆಯಲ್ಲಿ ಮೂರು ಹಾಳೆ ಇಟ್ಟರೆ ೨೦ ಗ್ರಾಂ ಒಳಗೆ ನಿಲ್ಲುತ್ತದೆ. ನಾಲ್ಕನೆಯದು ಸೇರಿತೋ, ಹತ್ತು ರೂಪಾಯಿ. ಹಾಳೆಯ ಎರಡೂ ಮಗ್ಗುಲಲ್ಲಿ ಅಚ್ಚು ಮಾಡಿದರೆ ಆ ಐದು ಉಳಿಯಿತು. ಮೇಜಿನ ಮೇಲೊಂದು ಸಣ್ಣ ತಕ್ಕಡಿಯಿದ್ದರೆ ಅಂದಾಜಿನ ಮೇಲೆ ಹೆಚ್ಚು ಚೀಟಿ ಅಂಟಿಸುವ ಚಾಳಿ ತಪ್ಪುತ್ತದೆ; ಕಡಿಮೆ ಅಂಟಿಸಿ ವಿಳಾಸದಾರನಿಂದ ದಂಡ ಕಕ್ಕಿಸುವ ಅಪಖ್ಯಾತಿಯೂ ತಪ್ಪುತ್ತದೆ.

ಚೀಟಿಗೆ ಬದಲಾಗಿ ಮುದ್ರೆಯೊತ್ತುವ ಫ್ರಾಂಕಿಂಗ್ ಯಂತ್ರವನ್ನು ಕೊಳ್ಳಬಾರದೇಕೆ ಎಂದು ಕೆಲವರು ಕೇಳುತ್ತಾರೆ. ಅದಕ್ಕೆ ಅಂಚೆ ಇಲಾಖೆಯ ಪರವಾನಗಿ ಬೇಕು, ಯಂತ್ರದ ಬೆಲೆ ತೆರಬೇಕು, ದುರಸ್ತಿ ನೋಡಬೇಕು, ಹಣವನ್ನು ಮೊದಲೇ ತುಂಬಿರಬೇಕು. ದಿನಕ್ಕೆ ನೂರಾರು ಕಾಗದ ಕಳಿಸುವ ಬ್ಯಾಂಕಿಗೆ ಅದು ಸಲ್ಲುತ್ತದೆ. ದಿನಕ್ಕೆರಡು ಕಾಗದದ ಕಚೇರಿಗೆ ಅದು ಗುಬ್ಬಿಗೆ ಬ್ರಹ್ಮಾಸ್ತ್ರ. ಅಂಥ ಕಚೇರಿಗೆ ತಕ್ಕಡಿ, ಒಂದು ನೂರು ಐದು ರೂಪಾಯಿಯ ಚೀಟಿಗಳು, ಬೀಗವಿರುವ ಪೆಟ್ಟಿಗೆ ಮತ್ತು ಆವಕ-ಜಾವಕ ಪುಸ್ತಕ, ಇಷ್ಟು ಸಾಕು.

ಲೆಕ್ಕ ಹಾಕಿ ನೋಡಬಹುದು. ಬೆಳಗಾವಿಯ ಸಂಘವೊಂದು ತಿಂಗಳಿಗೆ ೬೦ ಕಾಗದ ಕಳಿಸುತ್ತದೆಂದುಕೊಳ್ಳೋಣ. ೩೦ ಲಕೋಟೆಗೆ ೧೫೦ ರೂಪಾಯಿ. ೧೦ ಕಾರ್ಡಿಗೆ ೫. ಊರೊಳಗಿನ ೧೨ ಸ್ಪೀಡ್ ಪೋಸ್ಟಿಗೆ ೨೨೮. ಹೊರಗಿನ ೮ಕ್ಕೆ ೩೭೬. ತೆರಿಗೆ ಸೇರಿ ಒಟ್ಟು ಸುಮಾರು ೮೬೮. ಆ ಲಕೋಟೆ, ಕಾರ್ಡು ನಲವತ್ತನ್ನೂ ಸಾಕ್ಷಿಯ ದಾರಿಯಲ್ಲೇ ಊರ ಹೊರಗೆ ಅಟ್ಟಿದರೆ ಅವಕ್ಕೇ ೨,೨೧೮ ರೂಪಾಯಿ ಬೇಕು, ವಿಂಗಡಿಸಿದರೆ ೧೫೫.

ಖಾನಾಪುರಕ್ಕೆ ಒಂದೇ ದಿನ ಹತ್ತು ನೋಟೀಸು ಹೋಗಬೇಕಾದಾಗ ಇನ್ನೊಂದು ದಾರಿಯೂ ಉಂಟು. ನೋಂದಣಿಯೊಡನೆ ಅವಕ್ಕೆ ಆರುನೂರು ರೂಪಾಯಿ ದಾಟುತ್ತದೆ. ಕಾಯಿದೆಯೋ ಸಂಘದ ಉಪವಿಧಿಯೋ ಅಂಚೆಯನ್ನೇ ಕಡ್ಡಾಯ ಮಾಡದಿದ್ದಲ್ಲಿ, ನಂಬಿಕಸ್ಥ ಸಿಪಾಯಿಯೊಬ್ಬ ಬಸ್ಸು ಹತ್ತಿ ಮುದ್ದಾಂ ಮುಟ್ಟಿಸಿ, ಬಟವಾಡೆ ಪುಸ್ತಕದಲ್ಲಿ ದಿನಾಂಕಸಹಿತ ರುಜು ಪಡೆದು ಸಂಜೆಗೆ ಮರಳಬಲ್ಲ. ಪೇಟೆಯ ಸುತ್ತಿನವರಿಗೆ ಇದು ಸರಿ. ಕಣಕುಂಬಿಯ ಕಾಡಿನ ಹಳ್ಳಿಗಳಿಗೆ ಮಾತ್ರ ಗ್ರಾಮೀಣ ಡಾಕ್ ಸೇವಕನೇ ಗತಿ. ಮಳೆಗಾಲದಲ್ಲಿ ಅಲ್ಲಿನ ದಾರಿ ಬಲ್ಲವರು ಕೊನೆಯ ದಿನಕ್ಕೆ ಕಾಯದೆ ವಾರ ಮೊದಲೇ ಕಾಗದ ಹೊರಡಿಸುತ್ತಾರೆ. ಕನ್ನಡ ಮರಾಠಿಗಳೆರಡೂ ನಡೆಯುವ ಈ ಸೀಮೆಯಲ್ಲಿ ಹಳ್ಳಿಯ ಹೆಸರಿನ ಬರಹ ಬಗೆಬಗೆಯಾದರೂ ಪಿನ್ ಸಂಖ್ಯೆ ಒಂದೇ: ಬೆಳಗಾವಿ ಪ್ರಧಾನ ಅಂಚೆಗೆ ೫೯೦೦೦೧, ಖಾನಾಪುರಕ್ಕೆ ೫೯೧೩೦೨. ೧೯೭೨ರಲ್ಲಿ ಬಂದ ಈ ಆರಂಕಿಯನ್ನು ತಪ್ಪಿಲ್ಲದೆ ಬರೆಯಲು ಕಾಸೂ ಖರ್ಚಿಲ್ಲ. ಬರೆಯದೆ ಮರಳಿ ಬಂದ ನೋಟೀಸಿಗೆ ಎರಡನೆಯ ಸಲ ಅರವತ್ತೊಂದು ರೂಪಾಯಿ.

ನೋಟೀಸಿನ ಖರ್ಚನ್ನು ಸಾಲಗಾರನ ಖಾತೆಗೇ ಬರೆಯುವ ವಾಡಿಕೆ ಹಲವೆಡೆ ಇದೆ. ಅಲ್ಲಿ ಕಚೇರಿಯ ಅಜಾಗ್ರತೆಗೆ ದಂಡ ತೆರುವವನು ಬಡ ಸದಸ್ಯ. ಮೊದಲು ಐದು ರೂಪಾಯಿಯ ಮುಚ್ಚಿದ ಲಕೋಟೆಯಲ್ಲೊಂದು ಸೌಮ್ಯವಾದ ನೆನಪು ಹೋಗಲಿ. ಅದು ಫಲಿಸದಾಗ ಅರವತ್ತೊಂದರ ಸಾಕ್ಷಿ ಹೋಗಲಿ. ಮಿತವ್ಯಯವೂ ಸೌಜನ್ಯವೂ ಒಂದೇ ಲಕೋಟೆಯಲ್ಲಿ ಹಿಡಿಸುವುದು ಅಪರೂಪ, ಇಲ್ಲಿ ಹಿಡಿಸುತ್ತವೆ.