ಸೊಂಟಕ್ಕೆ ಕಟ್ಟಿದ ಒಣಗಾಯಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹುಡುಗರು ಈಜು ಕಲಿತದ್ದು ತೋಟದ ಬಾವಿಯಲ್ಲಿ. ಸಿಪ್ಪೆ ಸುಲಿಯದ ಎರಡು ಒಣಗಾಯಿಗಳನ್ನು ಜೋಡಿಸಿ ಸೊಂಟಕ್ಕೆ ಕಟ್ಟಿ, ಮಾವನೋ ಅಣ್ಣನೋ ನೀರಿಗೆ ದಬ್ಬುತ್ತಿದ್ದರು. ಕಾಯಿ ಮುಳುಗಗೊಡುತ್ತಿರಲಿಲ್ಲ. ಅದು ಕಡಲಿನಿಂದ ಬಂದ ಗುಣ. ತೆಂಗು ಮೂಲದಲ್ಲಿ ಕರಾವಳಿಯ ಮರ. ನಾರಿನ ಹೊದಿಕೆಯ ಬಲದಿಂದ ಕಾಯಿ ಉಪ್ಪುನೀರಲ್ಲಿ ವಾರಗಟ್ಟಲೆ ತೇಲಿ, ಇನ್ಯಾವುದೋ ದಡದ ಮರಳಲ್ಲಿ ಮೊಳೆಯಬಲ್ಲದು. ಅದನ್ನೇ ಅಟ್ಟದಲ್ಲಿಟ್ಟು ಕೊಬ್ಬರಿ ಮಾಡಿ ಬದುಕುವ ನಮ್ಮ ಸೀಮೆಯಿಂದ ಕಡಲ ವಿಜ್ಞಾನ ಓದಲು ಹೋಗುವ ಮಕ್ಕಳು ಮಾತ್ರ ವಿರಳ.

ದೂರವೇ ಕಾರಣವೆಂದರೆ ನಾನು ಒಪ್ಪುವುದಿಲ್ಲ. ಮೈಸೂರಿಗೂ ಕಡಲಿಲ್ಲ. ಅಲ್ಲಿ 1996ರಲ್ಲಿ ಹುಟ್ಟಿದ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ವಿಜ್ಞಾನಿಗಳು ಲಕ್ಷದ್ವೀಪದ ಹವಳದ ದಿಬ್ಬಗಳಲ್ಲಿ ದಶಕಗಳಿಂದ ಮುಳುಗಿ ನೋಡುತ್ತಿದ್ದಾರೆ. 1998, 2010, 2016ರಲ್ಲಿ ನೀರು ಬಿಸಿಯೇರಿ ಹವಳ ಬಿಳಿಚಿಕೊಂಡದ್ದು, ಆಮೇಲೆ ಎಷ್ಟು ಚೇತರಿಸಿಕೊಂಡಿತು ಎನ್ನುವುದು ತಿಳಿದದ್ದು ಇಂಥ ದುಡಿಮೆಯಿಂದಲೇ. ಓದುವುದಕ್ಕೂ ನಮ್ಮಲ್ಲೇ ಜಾಗವಿದೆ: ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು, ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ. ನಮಗೂ ಕಡಲಿಗೂ ನಂಟಿಲ್ಲವೆನ್ನುವಂತೆಯೂ ಇಲ್ಲ. ತುರುವೇಕೆರೆ ಸೀಮೆಯ ಹಳ್ಳದ ನೀರು ಶಿಂಷಾ ಸೇರಿ, ಕಾವೇರಿಯ ಜೊತೆ ಬಂಗಾಳ ಕೊಲ್ಲಿಯತ್ತ ಹರಿಯುತ್ತದೆ. ನಾವು ಎಸೆದ ಪ್ಲಾಸ್ಟಿಕ್ಕೂ ಅದೇ ದಾರಿ ಹಿಡಿಯುತ್ತದೆ.

ತಡೆಯಿರುವುದು ಪದವಿ ಮುಗಿದ ಮೇಲಿನ ಎರಡು ಮೂರು ವರ್ಷಗಳಲ್ಲಿ. ಈ ಕ್ಷೇತ್ರದ ಮೊದಲ ತರಬೇತಿಗೆ ಎಷ್ಟೋ ಸಲ ಸಂಬಳವಿಲ್ಲ; ಊಟ, ವಸತಿ ಕೈಯಿಂದಲೇ. ಸ್ಕೂಬಾ ಕಲಿತು ಪ್ರಮಾಣಪತ್ರ ಪಡೆಯಲು ಹತ್ತಾರು ಸಾವಿರ ರೂಪಾಯಿ. ಅರ್ಜಿಯಿಂದ ಸಂದರ್ಶನದವರೆಗೆ ಎಲ್ಲವೂ ಇಂಗ್ಲಿಷು. ಎರಡೆಕರೆ ತೋಟ, ಬತ್ತಿದ ಬೋರ್‌ವೆಲ್ಲು, ನುಸಿ ಹಿಡಿದ ಕಾಯಿ ಇರುವ ಮನೆಯ ಹುಡುಗಿ ಅಲ್ಲಿಗೇ ನಿಂತುಬಿಡುತ್ತಾಳೆ. ಅವಳ ಬುದ್ಧಿಯಲ್ಲಿ ಕೊರತೆಯಿಲ್ಲ, ಅಪ್ಪನ ಜೇಬಲ್ಲಿದೆ.

ಕಡಲ ಮಗ್ಗುಲಲ್ಲೇ ಹುಟ್ಟಿದವರ ಪಾಡೂ ಇದೇ ಎನ್ನುವುದು ನನ್ನನ್ನು ಹೆಚ್ಚು ಕಾಡುತ್ತದೆ. ಹೊನ್ನಾವರದ ಟೊಂಕಾ ತೀರದಲ್ಲಿ ಕಡಲಾಮೆ ಎಲ್ಲಿ ಮೊಟ್ಟೆಯಿಟ್ಟಿದೆ ಎಂದು ಮೀನುಗಾರರಿಗೆ ಹೆಜ್ಜೆಗುರುತು ನೋಡಿದರೆ ತಿಳಿಯುತ್ತದೆ. ಬಂದರಿನಲ್ಲಿ ಮೀನು ಬೇರ್ಪಡಿಸುವ ಹೆಂಗಸರು ಮರಿಮೀನು ಯಾವುದರದ್ದೆಂದು ಕೈಯಲ್ಲಿ ಹಿಡಿದೇ ಹೇಳುತ್ತಾರೆ. ಸಂಶೋಧಕರು ಅವರನ್ನು ಕೇಳಿ ಬರೆದುಕೊಳ್ಳುತ್ತಾರೆ. ಖಾರ್ವಿಯರ, ಹರಿಕಂತ್ರರ, ಮೊಗವೀರರ ಮಕ್ಕಳು ಹೇಳುವ ಜಾಗದಿಂದ ಬರೆಯುವ ಜಾಗಕ್ಕೆ ಬರುವುದು ಯಾವಾಗ? ಕಡಲನ್ನು ಯಾರು ಅಳೆಯುತ್ತಾರೋ ಅವರ ಮಾತೇ ನಾಳೆ ಕಾನೂನಾಗುತ್ತದೆ. ಅಳೆಯುವವರಲ್ಲಿ ದೋಣಿಯ ಮನೆಯವರೂ ತೋಟದ ಮನೆಯವರೂ ಇರಲೇಬೇಕು.

ವಿಶ್ವಸಂಸ್ಥೆ 2021ರಿಂದ 2030ರವರೆಗೆ ಸಾಗರ ವಿಜ್ಞಾನದ ದಶಕವೆಂದು ಘೋಷಿಸಿದೆ. ಅದರೊಳಗೆ ನಮ್ಮ ಸರ್ಕಾರ ಮಾಡಬಹುದಾದ ದೊಡ್ಡ ಕೆಲಸ ಒಂದಿದೆ. ಹಳ್ಳಿಯ, ಮೀನುಗಾರ ಕುಟುಂಬಗಳ ಪದವೀಧರರಿಗೆ ತಿಂಗಳ ವೇತನ ಕೊಟ್ಟು, ಕನ್ನಡದಲ್ಲೇ ಶುರುಮಾಡಿ, ಡೈವಿಂಗ್ ಖರ್ಚನ್ನೂ ಹೊತ್ತು ಕಾರವಾರದಲ್ಲಿ ತರಬೇತಿ ಕೊಡಲಿ. ತೋಟದ ಮನೆಯವರಿಗೂ ಒಂದು ಮಾತು. ಬಾವಿಗೆ ದಬ್ಬಿಸಿಕೊಂಡವರೆಲ್ಲ ಗಂಡುಹುಡುಗರೇ. ಈ ಬೇಸಿಗೆಗೆ ಎರಡು ಒಣಗಾಯಿ ಕಟ್ಟಿ, ಜೊತೆಗೆ ನೀವೂ ಇಳಿದು, ಮಗಳಿಗೆ ಈಜು ಕಲಿಸಿ.