ಮೊದಲು ಮೀಟರು ನೋಡಿ ಸ್ವಾಮಿ

ಮನೆಯಲ್ಲೇ ಕ್ರಿಪ್ಟೋ ಮೈನಿಂಗ್ ಮಾಡೋರು ನನ್ನಂಥ ಸಾಫ್ಟ್‌ವೇರ್ ಇಂಜಿನಿಯರುಗಳ ಹತ್ತಿರ ಬಂದು ಕೇಳೋ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಜಾತಿಯವು. ಆರು ಗ್ರಾಫಿಕ್ಸ್ ಕಾರ್ಡ್ ಹಾಕಿದ್ದೀನಿ, ಐದೇ ಕಾಣ್ತಿದೆ, ಏನ್ಮಾಡ್ಲಿ? ಅರ್ಧ ಗಂಟೆಗೊಮ್ಮೆ ಹ್ಯಾಂಗ್ ಆಗ್ತಿದೆ, ಡ್ರೈವರ್ ಬದಲಾಯಿಸ್ಲಾ? ಸೆಕೆಂಡ್‌ಹ್ಯಾಂಡ್ ಆಂಟ್‌ಮೈನರ್ ತಗೊಂಡೆ, ಮೂರು ಬೋರ್ಡಲ್ಲಿ ಒಂದು ಸತ್ತಿದೆ, ರಿಪೇರಿ ಆಗುತ್ತಾ? ಒಳ್ಳೇ ಪ್ರಶ್ನೆಗಳೇ. ಎಲ್ಲದಕ್ಕೂ ಉತ್ತರ ಇದೆ. ಆದರೆ ಇವರಲ್ಲಿ ಒಬ್ಬರೂ "ನಮ್ಮನೆ ಮೀಟರು ಯಾಕೆ ಹೀಗೆ ಓಡ್ತಿದೆ" ಅಂತ ಕೇಳಿದ್ದು ನನಗೆ ನೆನಪಿಲ್ಲ. ನನ್ನ ತಕರಾರು ಇರೋದು ಅಲ್ಲೇ.

ತಾಂತ್ರಿಕ ಪ್ರಶ್ನೆಗಳನ್ನ ಮೊದಲು ಮುಗಿಸಿಬಿಡೋಣ. ಇಲ್ಲಾಂದ್ರೆ "ಇವನಿಗೆ ಬರಲ್ಲ, ಅದಕ್ಕೇ ಬೈತಾನೆ" ಅಂತೀರಿ.

ಕಾರ್ಡು ಕಾಣ್ತಿಲ್ಲ ಅಂದ್ರೆ ಮೊದಲ ಅನುಮಾನ ರೈಸರ್ ಕೇಬಲ್ ಮೇಲಿರಲಿ. ಒಂದು ರೈಸರನ್ನ ಇನ್ನೊಂದು ಕಾರ್ಡಿಗೆ ಹಾಕಿ ನೋಡಿ. ತೊಂದರೆ ರೈಸರ್ ಜೊತೆ ಹೋದ್ರೆ ರೈಸರ್ ಕೆಟ್ಟಿದೆ, ಕಾರ್ಡಿನ ಜೊತೆ ಉಳಿದ್ರೆ ಕಾರ್ಡ್ ಕೆಟ್ಟಿದೆ. ಎರಡೂ ಸರಿಯಿದ್ರೆ ಬಯಾಸ್‌ಗೆ ಹೋಗಿ 'ಅಬವ್ 4ಜಿ ಡಿಕೋಡಿಂಗ್' ಆನ್ ಮಾಡಿ. ಆ ರೈಸರಿಗೆ ಸಾಟಾ ಕನೆಕ್ಟರಿಂದ ಪವರ್ ಕೊಟ್ಟಿದ್ರೆ ಇವತ್ತೇ ಕಿತ್ತುಹಾಕಿ. ಆ ಕನೆಕ್ಟರಿನ 12 ವೋಲ್ಟ್ ಲೈನಿನ ತಾಕತ್ತು 54 ವ್ಯಾಟ್. ಕಾರ್ಡು ಸ್ಲಾಟಿನಿಂದ 75 ವ್ಯಾಟ್‌ವರೆಗೂ ಎಳೀಬಹುದು. ಕನೆಕ್ಟರ್ ಕರಗೋದು, ಸುಟ್ಟ ವಾಸನೆ ಬರೋದು ಇದರಿಂದಲೇ.

ಪೂಲ್‌ಗೆ ಕಳಿಸಿದ ಶೇರುಗಳು ವಾಪಸ್ ಬರ್ತಿದ್ರೆ ಯಾವ ಕಾರಣಕ್ಕೆ ಅಂತ ನೋಡಿ. 'ಸ್ಟೇಲ್' ಅಂತಿದ್ರೆ ತಡವಾಗಿ ತಲುಪಿದೆ, ಇಂಟರ್ನೆಟ್ ಕಡೆ ನೋಡ್ಬೇಕು. 'ಇನ್‌ವ್ಯಾಲಿಡ್' ಅಂತಿದ್ರೆ ಕಾರ್ಡೇ ತಪ್ಪು ಲೆಕ್ಕ ಮಾಡಿದೆ, ಮೆಮೊರಿಯನ್ನ ಅತಿಯಾಗಿ ಓಡಿಸ್ತಿದ್ದೀರಿ, ಕಮ್ಮಿ ಮಾಡಿ. ಆಂಟ್‌ಮೈನರ್ ಎಸ್9ನ ಒಂದು ಬೋರ್ಡಲ್ಲಿ 63 ಚಿಪ್ಪುಗಳು ಸರಪಳಿ ಹಾಗೆ ಕೂತಿರ್ತವೆ. ನಡುವೆ ಒಂದು ಸತ್ತರೂ ಇಡೀ ಬೋರ್ಡೇ ಮಾಯ ಆಗಬಹುದು. ಮೊದಲು ಕೇಬಲ್ ಅದಲುಬದಲು ಮಾಡಿ. ಆಮೇಲೂ ಅದೇ ಬೋರ್ಡು ಕಾಣದಿದ್ರೆ ಚಿಪ್ ಮಟ್ಟದ ರಿಪೇರಿ. ಅದು ನನ್ನ ಕೈಲೂ ಆಗಲ್ಲ, ನಿಮ್ಮ ಕೈಲೂ ಆಗಲ್ಲ.

ಊರುಗಳಲ್ಲಿ ಇನ್ನೊಂದು ಕಾಯಿಲೆ ಇದೆ, ಲೋ ವೋಲ್ಟೇಜ್. ಬಲ್ಬಾದ್ರೆ ವೋಲ್ಟೇಜ್ ಇಳಿದಾಗ ಮಂಕಾಗುತ್ತೆ, ಅಷ್ಟೆ. ಈ ಮೆಷಿನ್ನಿನ ಪವರ್ ಸಪ್ಲೈ ಹಾಗಲ್ಲ. ಅದಕ್ಕೆ ಬೇಕಾದಷ್ಟು ವ್ಯಾಟು ಬೇಕೇ ಬೇಕು, ವೋಲ್ಟೇಜ್ ಇಳಿದಷ್ಟೂ ಕರೆಂಟು ಜಾಸ್ತಿ ಎಳೆಯುತ್ತೆ. 1350 ವ್ಯಾಟಿನ ಮೆಷಿನ್ 230 ವೋಲ್ಟಲ್ಲಿ 6 ಆಂಪಿಯರ್ ಹತ್ತಿರ ಎಳೆದ್ರೆ, 180 ವೋಲ್ಟಲ್ಲಿ ಏಳೂವರೆ ಎಳೆಯುತ್ತೆ, ಅದೂ ಹಗಲೂ ರಾತ್ರಿ. ಫೋನ್ ಚಾರ್ಜ್ ಮಾಡೋ ಸಣ್ಣ ಸಾಕೆಟ್ಟಿಗೆ ಅದನ್ನ ಸಿಕ್ಕಿಸಿದ್ರೆ ಗೋಡೆ ಒಳಗಿನ ವೈರು ಬಿಸಿಯಾಗ್ತಾ ಕೂತಿರುತ್ತೆ. ಮೇಲೆ ಏನೂ ಕಾಣಲ್ಲ. ಮನೆಯವರು ಪಕ್ಕದ ರೂಮಲ್ಲೇ ಮಲಗಿರ್ತಾರೆ.

ಆಯ್ತು, ಇಷ್ಟೆಲ್ಲ ಸರಿ ಮಾಡಿದ್ರಿ. ಮೂರೂ ಬೋರ್ಡು ಓಡ್ತಿದೆ, ದಪ್ಪ ವೈರು ಎಳೆಸಿದ್ರಿ, ಧೂಳು ಹೊಡೆದ್ರಿ, ಫ್ಯಾನು ಬದಲಾಯಿಸಿದ್ರಿ. ಈಗ ಪೆನ್ನು ಪೇಪರ್ ತಗೊಳ್ಳಿ.

ಎಸ್9ನ ವೇಗ ಸೆಕೆಂಡಿಗೆ 13.5 ಟೆರಾಹ್ಯಾಶ್. ಕರೆಂಟು 1350 ವ್ಯಾಟ್, ಅಂದ್ರೆ ದಿನಕ್ಕೆ 32 ಯೂನಿಟ್ ಚಿಲ್ಲರೆ. ಯೂನಿಟ್ಟಿಗೆ 6 ರೂಪಾಯಿ ಹಿಡಿದ್ರೂ ದಿನಕ್ಕೆ 194 ರೂಪಾಯಿ. ಈಗ ಆದಾಯ. 2024ರ ಏಪ್ರಿಲ್‌ನ ಹಾಫಿಂಗ್ ಆದ ಮೇಲೆ ಒಂದು ಬ್ಲಾಕಿಗೆ ಸಿಗೋದು 3.125 ಬಿಟ್‌ಕಾಯಿನ್. ದಿನಕ್ಕೆ ಸುಮಾರು 144 ಬ್ಲಾಕು, ಒಟ್ಟು 450 ಬಿಟ್‌ಕಾಯಿನ್. ಇದು ಇಡೀ ಜಗತ್ತಿಗೆ. ಜಗತ್ತಿನ ಎಲ್ಲ ಮೆಷಿನ್ನುಗಳ ಒಟ್ಟು ವೇಗ 600 ಎಕ್ಸಾಹ್ಯಾಶ್ ಅಂತ, ಬಿಟ್‌ಕಾಯಿನ್ ಬೆಲೆ 50 ಲಕ್ಷ ಅಂತ ಹಿಡಿಯಿರಿ. ನಿಮ್ಮ ಪಾಲಿಗೆ ಬರೋದು ದಿನಕ್ಕೆ 50 ರೂಪಾಯಿ. 194 ಕೊಟ್ಟು 50 ತಗೊಳ್ಳೋದು. ಗುಡ್ಡ ಅಗೆದು ಇಲಿ ಹಿಡಿಯೋದು ಅಂತ ನಮ್ಮ ಹಿರಿಯರು ಹೇಳಿದ್ದು ಗಾದೆಗೆ. ಇವರು ಅದನ್ನೇ ಬಿಸಿನೆಸ್ ಮಾಡ್ಕೊಂಡಿದ್ದಾರೆ.

"ಹೊಸಾ ಮೆಷಿನ್ ತಗೊಂಡ್ರೆ?" 95 ಟೆರಾಹ್ಯಾಶಿನ ಎಸ್19 ಇದೆ. 3250 ವ್ಯಾಟ್, ದಿನಕ್ಕೆ 78 ಯೂನಿಟ್, 468 ರೂಪಾಯಿ. ಮೇಲಿನ ಲೆಕ್ಕದಲ್ಲೇ ಬರೋದು ಸುಮಾರು 355. ನಷ್ಟ ದಿನಕ್ಕೆ ನೂರು ದಾಟಿತು. ಮೆಷಿನ್ನಿನ ಬೆಲೆ ಇದರಲ್ಲಿ ಸೇರಿಲ್ಲ.

ಇಲ್ಲಿ ನಮ್ಮ ಹುಡುಗರಿಗೆ ಅರ್ಥವಾಗದ ಒಂದು ವಿಷಯ ಇದೆ. ಬೇರೆ ಯಾವ ಕೆಲಸದಲ್ಲಾದ್ರೂ ಮೆಷಿನ್ ರಿಪೇರಿ ಮಾಡಿದ್ರೆ ಉತ್ಪಾದನೆ ಜಾಸ್ತಿಯಾಗುತ್ತೆ. ಹಿಟ್ಟಿನ ಗಿರಣಿಯ ಬೆಲ್ಟು ಸರಿ ಮಾಡಿದ್ರೆ ಹೆಚ್ಚು ರಾಗಿ ಬೀಸಬಹುದು. ಬಿಟ್‌ಕಾಯಿನ್ನಿನ ಕಟ್ಟುಪಾಡೇ ಬೇರೆ. ಜಗತ್ತಿನಲ್ಲಿ ಎಷ್ಟೇ ಮೆಷಿನ್ ಓಡಲಿ, ಹತ್ತು ನಿಮಿಷಕ್ಕೆ ಒಂದು ಬ್ಲಾಕು ಅನ್ನೋ ಲೆಕ್ಕಕ್ಕೇ ಅದು ಬಂದು ನಿಲ್ಲುತ್ತೆ. ಪ್ರತಿ 2016 ಬ್ಲಾಕಿಗೊಮ್ಮೆ, ಅಂದ್ರೆ ಸುಮಾರು ಎರಡು ವಾರಕ್ಕೊಮ್ಮೆ, ಕಷ್ಟದ ಮಟ್ಟವನ್ನ ಅದೇ ಹೊಂದಿಸಿಕೊಳ್ಳುತ್ತೆ. ಎಲ್ಲರೂ ಮೆಷಿನ್ ಸುಧಾರಿಸಿದ್ರೆ ಲೆಕ್ಕ ಇನ್ನೂ ಕಷ್ಟ ಆಗುತ್ತೆ, ಸಿಗೋ ನಾಣ್ಯ ಅಷ್ಟೇ ಇರುತ್ತೆ. ನೀವು ರಾತ್ರಿಯೆಲ್ಲ ಕೂತು ಶೇಕಡ 5ರಷ್ಟು ವೇಗ ಹೆಚ್ಚಿಸಿದ್ದನ್ನ, ಸಾವಿರಾರು ಮೆಷಿನ್ನಿನ ಶೆಡ್ಡು ಹಾಕಿಕೊಂಡು ಅಗ್ಗದ ಕರೆಂಟಿಗೆ ಒಪ್ಪಂದ ಮಾಡ್ಕೊಂಡಿರೋ ಕಂಪನಿಗಳು ಎರಡು ವಾರದಲ್ಲಿ ನುಂಗಿ ನೀರು ಕುಡೀತವೆ.

ಗ್ರಾಫಿಕ್ಸ್ ಕಾರ್ಡಿನವರ ಕಥೆ ಇನ್ನೂ ಕೆಟ್ಟದ್ದು. ಇಥೀರಿಯಂ ಮೈನಿಂಗಿಗೆ ಬೇಕಾದ ಡ್ಯಾಗ್ ಅನ್ನೋ ಫೈಲು ದಿನದಿಂದ ದಿನಕ್ಕೆ ಬೆಳೀತಾ 2020ರ ಕೊನೆಗೆ 4 ಜಿಬಿ ದಾಟಿತು. ಅವತ್ತಿಗೆ 4 ಜಿಬಿ ಕಾರ್ಡುಗಳೆಲ್ಲ ಕೆಲಸಕ್ಕೆ ಬಾರದಾದವು. ಕಾರ್ಡಿಗೆ ಏನೂ ಆಗಿರಲಿಲ್ಲ. ಆಮೇಲೆ 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಮೈನಿಂಗನ್ನೇ ಕೈಬಿಟ್ಟಿತು. ಸ್ಟೇಕಿಂಗ್ ಪದ್ಧತಿಗೆ ಹೋಯ್ತು. ಆ ದಿನದಿಂದ ಇಥೀರಿಯಂ ಪಾಲಿಗೆ ಮನೆಯ ರಿಗ್ಗು ಅಂದ್ರೆ ಶೋಕೇಸಿನ ಸಾಮಾನು. ಯಾವ ಡ್ರೈವರ್ ಹಾಕಿದ್ರೂ ಇದಕ್ಕೆ ಮದ್ದಿಲ್ಲ. ಈಗಲೂ ಹೆಸರೇ ಕೇಳಿರದ ನಾಣ್ಯಗಳನ್ನ ಹುಡುಕಿ ಹುಡುಕಿ ಅಗೀತಾ ಕೂತವರಿದ್ದಾರೆ. ತೌಡು ಕುಟ್ಟೋದು ಅಂದ್ರೆ ಇದೇ.

"ಇವತ್ತು ನಷ್ಟ ಇರಬಹುದು ಸಾರ್, ಇಟ್ಕೊಂಡ್ರೆ ನಾಳೆ ಬೆಲೆ ಏರುತ್ತೆ" ಅಂತಾರೆ. ಏರಲಿ. ಬೆಲೆ ಏರುತ್ತೆ ಅನ್ನೋ ನಂಬಿಕೆ ಅಷ್ಟು ಗಟ್ಟಿಯಿದ್ರೆ ಆ 194 ರೂಪಾಯಿಗೆ ನೇರವಾಗಿ ಬಿಟ್‌ಕಾಯಿನ್ನೇ ಕೊಂಡ್ಕೊಳ್ಳಿ. 194 ರೂಪಾಯಿಯದ್ದು ಸಿಗುತ್ತೆ. ಮೈನಿಂಗ್ ದಾರಿಯಲ್ಲಿ ಹೋದ್ರೆ 50ರದ್ದು ಸಿಗುತ್ತೆ. ಬೆಲೆ ಹತ್ತು ಪಟ್ಟಾದ್ರೂ ಈ ವ್ಯತ್ಯಾಸ ಹಾಗೇ ಇರುತ್ತೆ. ಕೊಂಡ್ಕೊಳ್ಳಿ ಅಂತ ನಾನು ಸಲಹೆ ಕೊಡ್ತಿಲ್ಲ, ನಿಮ್ಮ ವಾದವನ್ನ ನಿಮ್ಮ ಲೆಕ್ಕದಲ್ಲೇ ತೂಗ್ತಿದ್ದೀನಿ.

"ಪೂಲ್ ಬೇಡ, ಒಬ್ಬನೇ ಮಾಡ್ತೀನಿ, ಲಾಟರಿ ಹೊಡೆದ್ರೆ ಇಡೀ ಬ್ಲಾಕು ನಂದೇ." ಸರಿ ಗುರೂ. ಅದೇ ಎಸ್9, ಅದೇ ವೇಗದಲ್ಲಿ ಒಂದು ಬ್ಲಾಕು ಸಿಗೋಕೆ ಸರಾಸರಿ ಎಂಟುನೂರು ವರ್ಷದ ಮೇಲೆ ಬೇಕು. ಹೊಯ್ಸಳರ ಕಾಲದಲ್ಲಿ ಸ್ವಿಚ್ ಹಾಕಿದ್ರೆ ಈಗ ಎದುರು ನೋಡಬಹುದಿತ್ತು.

"ಕಲಿಯೋಕೆ ಅಂತ ಮಾಡ್ತಿದ್ದೀನಿ." ಇದೊಂದು ಮಾತಿಗೆ ನನ್ನ ಗೌರವ ಇದೆ. ಹಳೇ ಕಾರ್ಡೊಂದನ್ನ ಬಿಚ್ಚಿ ಥರ್ಮಲ್ ಪೇಸ್ಟ್ ಹಚ್ಚೋದು, ಲಿನಕ್ಸ್ ಹಾಕೋದು, ಲಾಗ್ ಓದಿ ತಪ್ಪು ಹುಡುಕೋದು, ಇವೆಲ್ಲ ಕಾಲೇಜಿನ ಲ್ಯಾಬಿನಲ್ಲಿ ಸಿಗದ ವಿದ್ಯೆ. ಕಲಿಯೋಕೆ ಒಂದು ಕಾರ್ಡು, ಒಂದು ತಿಂಗಳು ಸಾಕು. ಅಮ್ಮನ ಒಡವೆ ಅಡ ಇಟ್ಟು ನಾಲ್ಕು ಮೆಷಿನ್ ತರೋದಕ್ಕೆ ಕಲಿಕೆ ಅಂತ ಹೆಸರಿಡಬೇಡಿ.

ಇದರ ಮೇಲೆ ತೆರಿಗೆ. 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಮಾರಿ ಬಂದ ಲಾಭಕ್ಕೆ ಶೇಕಡ 30 ತೆರಿಗೆ ಇದೆ. ಕೊಂಡ ಬೆಲೆ ಬಿಟ್ಟರೆ ಬೇರೆ ಯಾವ ಖರ್ಚನ್ನೂ ಕಳೆಯೋ ಹಾಗಿಲ್ಲ. ಮೈನಿಂಗ್ ಮೂಲಸೌಕರ್ಯಕ್ಕೆ ಮಾಡಿದ ಖರ್ಚು 'ಕೊಂಡ ಬೆಲೆ' ಅನ್ನಿಸಿಕೊಳ್ಳಲ್ಲ ಅಂತ ಸರ್ಕಾರ ಅದೇ ವರ್ಷ ಮಾರ್ಚಿನಲ್ಲಿ ಲೋಕಸಭೆಯಲ್ಲೇ ಸ್ಪಷ್ಟ ಮಾಡಿದೆ. ಒಂದರಲ್ಲಿ ಆದ ನಷ್ಟವನ್ನ ಇನ್ನೊಂದರ ಲಾಭದಲ್ಲಿ ಹೊಂದಿಸೋಕೂ ಆಗಲ್ಲ. ಅಂದ್ರೆ 194 ಕಳಕೊಂಡು 50 ಗಳಿಸಿದವನು ಆ 50ರ ಮೇಲೂ ತೆರಿಗೆ ಕಟ್ಟಬೇಕು.

ಇಷ್ಟು ಹೇಳಿದ ಮೇಲೆ ಕೆಲವರು ಮೆಲ್ಲಗೆ ನಗ್ತಾರೆ. "ಅಣ್ಣಾ, ನಮಗೆ ಕರೆಂಟು ಫ್ರೀ." ಈ ಬರಹ ಬರೆಯೋಕೆ ಕೂತಿದ್ದೇ ಆ ನಗುವಿಗೋಸ್ಕರ.

ಗೃಹಜ್ಯೋತಿ ನಂಬಿಕೊಂಡವರ ಲೆಕ್ಕ ಬೇಗ ಮುಗಿಯುತ್ತೆ. ಆ ಯೋಜನೆಯ ಗರಿಷ್ಠ ಮಿತಿ ತಿಂಗಳಿಗೆ 200 ಯೂನಿಟ್, ಅದೂ ನಿಮ್ಮ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಸಿಗೋದು. ಒಂದು ಎಸ್9 ಆರೇಳು ದಿನಕ್ಕೆ 200 ಯೂನಿಟ್ ಮುಗಿಸುತ್ತೆ. 200 ದಾಟಿದ್ರೆ ಪೂರ್ತಿ ಬಿಲ್ಲು ನಿಮ್ಮ ತಲೆ ಮೇಲೆ. ಮಗನ ಮೆಷಿನ್ನಿಂದ ತಾಯಿಯ ಸೊನ್ನೆ ಬಿಲ್ಲು ಹೋಯ್ತು, ಅಷ್ಟೇ ಗಳಿಕೆ.

ಇನ್ನು ಪಂಪ್‌ಸೆಟ್ ಲೈನು. ನಾನು ಹಳ್ಳಿಯಲ್ಲಿ ಬೆಳೆದವನು, ಟಿಸಿ ಸುಟ್ಟರೆ ಏನಾಗುತ್ತೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಉಚಿತ ಕರೆಂಟು ಕೊಟ್ಟಿರೋದು ಬೆಳೆಗೆ ನೀರು ಹಾಯಿಸೋಕೆ. ಮೋಟಾರು ಮನೆಯಲ್ಲಿ ನಾಲ್ಕು ಎಸ್9 ಇಟ್ಟರೆ 5.4 ಕಿಲೋವ್ಯಾಟ್. ಅಂದ್ರೆ 7 ಎಚ್‌ಪಿ ಮೋಟಾರಿಗಿಂತ ಜಾಸ್ತಿ. 25 ಕೆವಿಎ ಟಿಸಿಯೊಂದರ ಮೇಲೆ ಮೊದಲೇ ಹೊರಲಾರದಷ್ಟು ಮೋಟಾರುಗಳು ನೇತಾಡ್ತಿರ್ತವೆ, ಅದರ ಜೊತೆಗೆ ಲೆಕ್ಕಕ್ಕೇ ಸಿಗದ ಇನ್ನೊಂದು ಮೋಟಾರು ಸೇರಿಕೊಂಡ ಹಾಗೆ. ರೈತ ನೀರು ಸಾಕಾದ್ರೆ ಮೋಟಾರು ನಿಲ್ಲಿಸ್ತಾನೆ. ಈ ಮೆಷಿನ್ನಿಗೆ ಸಾಕು ಅನ್ನೋದೇ ಇಲ್ಲ. ಬೇಸಿಗೆಯಲ್ಲಿ ಟಿಸಿ ಹೋದ್ರೆ ಹೊಸದು ಬರೋವರೆಗೆ ಒಣಗೋದು ಪಕ್ಕದವರ ಟೊಮ್ಯಾಟೊ, ಪಕ್ಕದವರ ಬಾಳೆ. ಕಾರಣ ಯಾವ ಮೋಟಾರು ಮನೆಯಲ್ಲಿದೆ ಅಂತ ಅವರಿಗೆ ಗೊತ್ತೇ ಆಗಲ್ಲ.

ಒಂದು ಉದ್ದೇಶಕ್ಕೆ ಕೊಟ್ಟ ಕರೆಂಟನ್ನ ಇನ್ನೊಂದಕ್ಕೆ ಬಳಸೋದು 2003ರ ವಿದ್ಯುಚ್ಛಕ್ತಿ ಕಾಯ್ದೆ ಪ್ರಕಾರ ಅಪರಾಧವೂ ಆಗುತ್ತೆ. ಕಾನೂನು ಪಕ್ಕಕ್ಕಿಡಿ. ಮಾನ ಮರ್ಯಾದೆ ಪ್ರಶ್ನೆ ಇದು. ಮನೆ ಮೈನಿಂಗಿನಲ್ಲಿ ನಿಮಗೆ ಲಾಭ ಬರ್ತಿದೆ ಅಂದ್ರೆ ನಿಮ್ಮ ಬಿಲ್ಲನ್ನ ಬೇರೆ ಯಾರೋ ಕಟ್ಟುತ್ತಿದ್ದಾರೆ ಅಂತಲೇ ಅರ್ಥ. ಅಪ್ಪ, ಪಿಜಿ ಓನರ್, ಹಾಸ್ಟೆಲ್ಲು, ಪಕ್ಕದ ಹೊಲದವನು, ಯಾರೋ ಒಬ್ಬರು.

ಹುಡುಗರನ್ನಷ್ಟೇ ಬೈದು ಏನು ಪ್ರಯೋಜನ? ಎಲ್ಲೋ ಶೆಡ್ಡಿನಲ್ಲಿ ಬಿಸಿಲು ಬೆಂಕಿಯಲ್ಲಿ ಓಡಿ ಸವೆದ ಮೆಷಿನ್ನು ಒರೆಸಿ, "ದಿನಕ್ಕೆ ಇಷ್ಟು ಗ್ಯಾರಂಟಿ" ಅಂತ ಮಾರೋರಿದ್ದಾರೆ. ಕರೆಂಟಿನ ಖರ್ಚು ಬಿಟ್ಟು ಆದಾಯ ಮಾತ್ರ ತೋರಿಸೋ ವಿಡಿಯೋದವರಿದ್ದಾರೆ. ಅವರ ಸೂಚನೆಗಳಲ್ಲಿ ಮೊದಲನೇದೇ "ಆಂಟಿವೈರಸ್ ಆಫ್ ಮಾಡಿ." ಮನೆ ಬಾಗಿಲು ತೆಗೆದಿಟ್ಟು ಮಲಗಿ ಅಂದ ಹಾಗೆ. ನಕಲಿ ಮೈನರ್ ಜೊತೆಗೇ ಬರೋ ಕಳ್ಳ ಸಾಫ್ಟ್‌ವೇರ್, ನೀವು ಕಾಪಿ ಮಾಡಿದ ವ್ಯಾಲೆಟ್ ವಿಳಾಸವನ್ನ ಪೇಸ್ಟ್ ಮಾಡೋವಾಗ ತನ್ನದಕ್ಕೆ ಬದಲಾಯಿಸಿಬಿಡುತ್ತೆ. ಆಮೇಲೆ ಯಾವ ಬ್ಯಾಂಕಿಗೂ ಫೋನ್ ಮಾಡೋ ಹಾಗಿಲ್ಲ.

ನಮ್ಮ ಇಂಜಿನಿಯರ್ ಬಳಗಕ್ಕೂ ಒಂದು ಮಾತಿದೆ. ಊರಿನ ಹುಡುಗ ಫೋನ್ ಮಾಡಿ "ಅಣ್ಣಾ, ಬೋರ್ಡು ಬರ್ತಿಲ್ಲ" ಅಂದಾಗ ಖುಷಿಯಿಂದ ರಿಮೋಟ್ ಹಾಕ್ಕೊಂಡು ಕೂರ್ತಾರೆ ನಮ್ಮವರು. ಕೈಗೆ ಸಿಕ್ಕ ಒಗಟು ಬಿಡಿಸೋ ಚಟ ಅದು. ಆಫೀಸಿನಲ್ಲಿ ಯಾವ ಸಿಸ್ಟಂ ಕೆಟ್ಟರೂ ಮೊದಲು ಕೇಳೋ ಪ್ರಶ್ನೆ, ಇದು ಮಾಡಬೇಕಾದ ಕೆಲಸ ಏನು, ಮಾಡ್ತಿದೆಯಾ? ಮನೆಯ ರಿಗ್ಗು ಮಾಡಬೇಕಾದ ಕೆಲಸ ದುಡ್ಡು ತರೋದು. ಅದು ದುಡ್ಡು ಕಳೀತಿದೆ. ಹಾಗಾದ್ರೆ ಟ್ರಬಲ್‌ಶೂಟಿಂಗ್ ಅಲ್ಲಿಂದ ಶುರುವಾಗಬೇಕು, ರೈಸರಿನಿಂದಲ್ಲ.

ಮಾಡಬೇಕಾದ್ದು ಇಷ್ಟೇ. ಪ್ಲಗ್ಗಿನ ನಡುವೆ ಸಿಕ್ಕಿಸೋ ವ್ಯಾಟ್ ಮೀಟರೊಂದನ್ನ ತನ್ನಿ. ಒಂದು ದಿನ ಮೆಷಿನ್ ಓಡಿಸಿ ಎಷ್ಟು ಯೂನಿಟ್ ಆಯ್ತು ಅಂತ ಬರೆದಿಡಿ, ಪಕ್ಕದಲ್ಲೇ ಆ ದಿನ ಪೂಲ್ ಕೊಟ್ಟಿದ್ದನ್ನ ರೂಪಾಯಿಗೆ ತಿರುಗಿಸಿ ಬರೀರಿ. ಆ ಚೀಟಿಯನ್ನ ಮನೆಯಲ್ಲಿ ಬಿಲ್ಲು ಕಟ್ಟೋರ ಕೈಗೆ ಕೊಡಿ. ಅವರು "ಓಡಿಸು" ಅಂದ್ರೆ ಓಡಿಸಿ, ರೈಸರ್ ತೊಂದರೆ ಬಂದ್ರೆ ನನಗೇ ಫೋನ್ ಮಾಡಿ.