ಕೂಗು ಸರಿ, ಮಾತೆಲ್ಲಿ?

ಇದು ಸಂಗೀತವೇ ಅಲ್ಲ ಅಂತ ಮೂಗು ಮುರಿಯುವವರ ಜೊತೆ ನಾವಿಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಡೆಯ ಹುಡುಗರ ತಂಡ ನೇಪಾಮ್ ಡೆತ್ 1987ರಲ್ಲಿ 'ಸ್ಕಮ್' ಎಂಬ ಧ್ವನಿಮುದ್ರಿಕೆ ತಂದಿತು. 28 ಹಾಡು, ಸುಮಾರು 33 ನಿಮಿಷ. ಗ್ರೈಂಡ್‌ಕೋರ್ ಎಂಬ ಬಿರುಗಾಳಿಗೆ ದಾರಿ ಮಾಡಿದ್ದು ಅದೇ. ಡ್ರಮ್ಮಿನ ಏಟು ಎಣಿಸೋಕಾಗಲ್ಲ. ಗಿಟಾರು ಗರಗಸದಂತೆ ಕೊಯ್ಯುತ್ತೆ. ಅದು ಥ್ಯಾಚರ್ ಆಳ್ವಿಕೆಯ ಕಾಲ. ಮೊದಲ ಹಾಡೇ ಬಹುರಾಷ್ಟ್ರೀಯ ಕಂಪನಿಗಳ ವಿರುದ್ಧ. ಹಿತವಾಗಿ ಹಾಡಿ ಅಂತಾರೆ. ಯಾರ ಹಿತಕ್ಕೆ? ಸಿಟ್ಟಿಗೂ ರಾಗತಾಳದ ಅಪ್ಪಣೆ ಬೇಕು ಅನ್ನೋದು ಹೊಟ್ಟೆ ತುಂಬಿದವರ ಮಾತು.

ಆದರೆ ಗೆಳೆಯರೇ, ಅದೇ 'ಸ್ಕಮ್'ನಲ್ಲಿ 'ಯೂ ಸಫರ್' ಎಂಬ ಹಾಡಿದೆ. ನೋವಿಗೆ ಕಾರಣ ಕೇಳುವ ಹಾಡು. ಉದ್ದ 1.316 ಸೆಕೆಂಡು! ಅತಿ ಚಿಕ್ಕ ಹಾಡೆಂದು ಗಿನ್ನೆಸ್ ದಾಖಲೆ ಸೇರಿತು. ಜನ ದಾಖಲೆ ನೆನಪಿಟ್ಟರು, ಪ್ರಶ್ನೆ ಬಿಟ್ಟರು. ಉಳಿದ ಹಾಡುಗಳೂ ಅಷ್ಟೆ. ಪದಗಳನ್ನು ಅಚ್ಚಿನಲ್ಲಿ ಓದದೆ ಬರೀ ಕೇಳಿದರೆ ಕಂಪನಿಯ ಮೇಲಿನ ಸಿಟ್ಟು ಯಾರಿಗೂ ತಿಳಿಯಲ್ಲ. ಓದು ಬಾರದವರ ಪಾಲಿಗೆ ಅದು ಬರೀ ಗದ್ದಲ. ಕಂಪನಿಗಳು ಗದ್ದಲಕ್ಕೆ ಹೆದರುತ್ತವೆಯೇ? ಅದನ್ನೂ ಮಾರಿಕೊಂಡು ತಿನ್ನುತ್ತವೆ.

ವೇಗ ಎದೆಯ ಅಂಜಿಕೆ ಬಿಡಿಸುತ್ತೆ, ಒಪ್ಪಿದೆವು. ಆದರೆ ನೋವು ಕೊಟ್ಟವರು ಯಾರು ಅಂತ ಪಕ್ಕದವರಿಗೆ ತಿಳಿಯಬೇಕಾದರೆ ಬಿಡಿಸಿ ಹೇಳಲೇಬೇಕು. ಅರಚಿದ್ದು ಸಾಕಾಗಲ್ಲ. ಕೂಗಿದವರೇ ನಿಂತು ಮಾತಾಡಲಿ.